ಬಂಡೆಯ ಜಾಡಿನಲ್ಲಿ ಭಾರದ ಬಂಡಿ: ತೋಪಿನ ಎತ್ತಿನಿಂದ ಸೇನಾ ಟ್ರಕ್ಕಿನವರೆಗೆ



ಯುದ್ಧಗಳ ಇತಿಹಾಸವನ್ನು ಓದುವಾಗ ನಾವು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ನೆನಪಿಟ್ಟುಕೊಳ್ಳುತ್ತೇವೆ. ಯಾರಿಗೂ ಯಾರಿಗೂ ಯುದ್ಧವಾಯಿತು, ಯಾವ ಇಸವಿಯಲ್ಲಾಯಿತು, ಗೆದ್ದವರು ಯಾರು. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಆದರೆ ಆ ತೋಪುಗಳು, ಮದ್ದುಗುಂಡು, ಸಾವಿರಾರು ಸೈನಿಕರು ಉಣ್ಣುವ ಅಕ್ಕಿ ಇವೆಲ್ಲ ಯುದ್ಧಭೂಮಿಯನ್ನು ತಲುಪಿದ್ದು ಹೇಗೆ ಎಂಬ ನಾಲ್ಕನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳಿದ ಕೂಡಲೇ ಇತಿಹಾಸವು ಅರಮನೆಯಿಂದ ಹೊರಬಂದು ಬಂಡಿಜಾಡಿನಲ್ಲಿ ನಡೆಯತೊಡಗುತ್ತದೆ.

ಸೇನೆಯ ಭಾರೀ ಟ್ರಕ್ಕುಗಳು ಹಿಮಾಲಯದ ಕಿರಿದಾದ ದಾರಿಗಳಲ್ಲಿ, ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪ್ರಪಾತವಿರುವಲ್ಲಿ, ಆಮೆಯಂತೆ ಏರಿ ಹೋಗುವ ದೃಶ್ಯವನ್ನು ನೀವು ದೂರದರ್ಶನದಲ್ಲಿ ನೋಡಿರಬಹುದು. ಆ ಚಾಲಕನ ಮುಂದಿರುವ ಸಮಸ್ಯೆ ತೀರ ಹಳೆಯದು. ಬಂಡಿ ಭಾರವಾಗಿದೆ, ದಾರಿ ಕಿರಿದಾಗಿದೆ, ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ಇನ್ನೂರ ಮೂವತ್ತು ವರ್ಷಗಳಿಗೂ ಹಿಂದೆ ನಮ್ಮ ಕನಕಪುರದ ದಾರಿಯಲ್ಲಿ ಇದೇ ಸಮಸ್ಯೆ ಒಂದು ದೊಡ್ಡ ಸೇನೆಯನ್ನು ಸೋಲಿಸಿತು. ಕೆಲವೇ ತಿಂಗಳ ಅನಂತರ ಮಾಗಡಿಯ ಕಾಡಿನಲ್ಲಿ ಅದೇ ಸೇನೆ ಆ ಸಮಸ್ಯೆಗೆ ಉತ್ತರ ಕಂಡುಕೊಂಡಿತು. ಆ ಎರಡು ಘಟನೆಗಳಿಂದ ಹೊರಟು ಇಂದಿನ ಟ್ರಕ್ಕಿನವರೆಗೆ ಬರೋಣ.

ಬಂಡೆಯ ನೆಲ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲೂಕುಗಳ ನೆಲದ ಗುಣವನ್ನು ಮೊದಲು ತಿಳಿಯಬೇಕು. ಚನ್ನಪಟ್ಟಣ ತಾಲೂಕಿನ ವಿರೂಪಾಕ್ಷಿಪುರದಂಥ ಊರುಗಳ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದು ಕಗ್ಗಲ್ಲಿನ ನೆಲ. ಹೊಲದ ನಡುವೆಯೇ ಹಾಸುಬಂಡೆ ತಲೆ ಎತ್ತಿರುತ್ತದೆ. ಬೇಸಿಗೆಯಲ್ಲಿ ಜಾಡು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಒಂದು ಮಳೆ ಬಿದ್ದರೆ ಅದೇ ಜಾಡಿನಲ್ಲಿ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ. ನಡುನಡುವೆ ರಾಮಗಿರಿ, ಸಾವನದುರ್ಗಗಳಂಥ ಗುಡ್ಡಗಳು ನೇರವಾಗಿ ಎದ್ದು ನಿಂತಿವೆ. ಸಾವನದುರ್ಗದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,226 ಮೀಟರು. ಕರಿಗುಡ್ಡ, ಬಿಳಿಗುಡ್ಡ ಎಂಬ ಅದರ ಎರಡು ಶಿಖರಗಳು ದೂರದಿಂದಲೇ ಕಾಣುತ್ತವೆ.

ಹದಿನೆಂಟನೆಯ ಶತಮಾನದಲ್ಲಿ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಮುಖ್ಯ ದಾರಿ ರಾಮಗಿರಿ, ಚನ್ನಪಟ್ಟಣಗಳ ಮೇಲೆ ಹಾದುಹೋಗುತ್ತಿತ್ತು. ಇಂದಿನ ಹೆದ್ದಾರಿಯೂ ಹೆಚ್ಚುಕಡಿಮೆ ಅದೇ ದಿಕ್ಕನ್ನು ಹಿಡಿದಿದೆ. ಎರಡನೆಯದು ದಕ್ಷಿಣಕ್ಕೆ ಸುತ್ತುಹಾಕಿ, ಆಗ ಕಾನಕಾನಹಳ್ಳಿ ಎಂದು ಕರೆಯುತ್ತಿದ್ದ ಇಂದಿನ ಕನಕಪುರದ ಮೂಲಕ ಸಾಗುವ ಕಾಡುದಾರಿ. ಈ ಎರಡರಲ್ಲಿ ಯಾವುದನ್ನು ಹಿಡಿಯಬೇಕು ಎಂಬ ಪ್ರಶ್ನೆ 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಮುಂದೆ ಬಂತು.

ಕನಕಪುರದ ದಾರಿ

ಅದು ಮೂರನೆಯ ಮೈಸೂರು ಯುದ್ಧದ ಕಾಲ. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿತ್ತು. ಇನ್ನು ರಾಜಧಾನಿಯಾದ ಶ್ರೀರಂಗಪಟ್ಟಣವೇ ಗುರಿ. ಆದರೆ ಟಿಪ್ಪು ಸುಲ್ತಾನ್ ಚನ್ನಪಟ್ಟಣದ ದಾರಿಯನ್ನು ಭದ್ರಪಡಿಸಿದ್ದನು. ಶತ್ರುವಿಗೆ ಮೇವು, ಧಾನ್ಯ ಸಿಗದಂತೆ ದಾರಿಯ ಊರುಗಳನ್ನು ಬರಿದು ಮಾಡಿಸಿದ್ದನು. ಯುದ್ಧತಂತ್ರದ ದೃಷ್ಟಿಯಿಂದ ಇದು ಜಾಣತನ. ಆದರೆ ಹುಲ್ಲಿನ ಬಣವೆ ಕಳೆದುಕೊಂಡು, ದನಗಳನ್ನು ಹೊಡೆದುಕೊಂಡು ಮನೆ ಬಿಟ್ಟು ಹೋದವರು ಇದೇ ಸೀಮೆಯ ರೈತರು ಎಂಬುದನ್ನು ನಾವು ಮರೆಯಬಾರದು.

ಕಾರ್ನ್‌ವಾಲಿಸ್ ಮುಖ್ಯ ದಾರಿಯನ್ನು ಬಿಟ್ಟು ಕನಕಪುರದ ದಾರಿ ಹಿಡಿದನು. ದಾರಿ ಒರಟು, ಕಾಡು ದಟ್ಟ, ಅಲ್ಲಿಯೂ ಮೇವು ದುರ್ಲಭ. ಕೋಟೆ ಒಡೆಯಲು ತಂದ ದೊಡ್ಡ ತೋಪುಗಳ ತೂಕವನ್ನು ಸ್ವಲ್ಪ ಯೋಚಿಸಿ. ಇಪ್ಪತ್ತನಾಲ್ಕು ಪೌಂಡಿನ ಗುಂಡು ಹಾರಿಸುವ ಕಬ್ಬಿಣದ ತೋಪಿನ ಕೊಳವೆಯೊಂದೇ ಸುಮಾರು ಎರಡೂವರೆ ಟನ್ ತೂಗುತ್ತಿತ್ತು. ಅದರ ಕೆಳಗೆ ಮರದ ಗಾಡಿ, ಅದಕ್ಕೆ ಕಟ್ಟಿದ ಹತ್ತಾರು ಎತ್ತುಗಳು. ಇಷ್ಟುದ್ದದ ಸಾಲು ಕಿರಿದಾದ ತಿರುವಿನಲ್ಲಿ ಒಮ್ಮೆಗೇ ತಿರುಗಲಾರದು. ಮುಂದಿನ ಎತ್ತುಗಳು ತಿರುವು ದಾಟಿ ಒಂದು ಕಡೆ ಎಳೆಯುತ್ತಿದ್ದರೆ, ಹಿಂದಿನ ತೋಪು ಇನ್ನೊಂದು ಕಡೆಗೆ ಮುಖ ಮಾಡಿರುತ್ತದೆ. ಹೀಗಾದಾಗ ಎತ್ತಿನ ಬಲದ ಬಹುಪಾಲು ವ್ಯರ್ಥವಾಗುತ್ತದೆ, ಬಂಡಿ ಮಗುಚಿಕೊಳ್ಳುವ ಭಯವೂ ಇರುತ್ತದೆ.

ಮೇ 13ರ ಹೊತ್ತಿಗೆ ಸೇನೆ ಕಾವೇರಿ ದಂಡೆಯ ಅರಕೆರೆಯನ್ನು ತಲುಪಿತು. ಮೇ 15ರಂದು ನಡೆದ ಕಾಳಗದಲ್ಲಿ ಗೆದ್ದಿತು ಕೂಡ. ಆದರೆ ಗೆದ್ದ ಸೇನೆ ಕೋಟೆಗೆ ಮುತ್ತಿಗೆ ಹಾಕಲಾರದೆ ಹೋಯಿತು. ಮಳೆ ಹಿಡಿಯಿತು. ಮೇವಿಲ್ಲದೆ, ರೋಗ ತಗುಲಿ ಎತ್ತುಗಳು ಸಾವಿರಗಟ್ಟಲೆ ಸತ್ತವು. ಮಲಬಾರಿನ ಕಡೆಯಿಂದ ಬರುತ್ತಿದ್ದ ಇನ್ನೊಂದು ಸೇನೆಯನ್ನು ಕೂಡಿಕೊಳ್ಳಲೆಂದು ಕನ್ನಂಬಾಡಿಯ ಕಡೆಗೆ ಸಾಗುವಾಗ ತೋಪುಗಳನ್ನು ಸೈನಿಕರೇ ಹೆಗಲು ಕೊಟ್ಟು ಎಳೆಯಬೇಕಾಯಿತು. ಕಡೆಗೆ ಮೇ ತಿಂಗಳು ಮುಗಿಯುವ ಮೊದಲೇ ಕಾರ್ನ್‌ವಾಲಿಸ್ ತನ್ನ ಮುತ್ತಿಗೆಯ ತೋಪುಗಳನ್ನು ತಾನೇ ನಾಶಮಾಡಿಸಿ ಬೆಂಗಳೂರಿನ ಕಡೆಗೆ ಹಿಂದಿರುಗಿದನು. ಆ ತೋಪುಗಳನ್ನು ಶತ್ರು ಗೆದ್ದುಕೊಳ್ಳಲಿಲ್ಲ. ಎಳೆಯುವ ಎತ್ತು ಇಲ್ಲದ್ದರಿಂದ ಅವು ಕಬ್ಬಿಣದ ಹೊರೆಯಾದವು.

ಎತ್ತು ಮತ್ತು ರಾಕೆಟ್ಟು

ಎದುರು ಪಕ್ಷಕ್ಕೆ ಈ ವಿದ್ಯೆ ಮೊದಲೇ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ಅರಮನೆಯ ದನಗಳ ಇಲಾಖೆಯನ್ನು ಹೈದರ್ ಅಲಿ ಬಹಳ ವಿಸ್ತರಿಸಿ, ಅದರ ಹೋರಿಗಳನ್ನು ತೋಪು ಎಳೆಯಲು ಪಳಗಿಸಿದನು. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. ನಮ್ಮ ಕಡೆಯ ಹಳ್ಳಿಕಾರ್ ತಳಿಗೂ ಈ ದನಗಳಿಗೂ ಹತ್ತಿರದ ಸಂಬಂಧವಿದೆ. ಗಟ್ಟಿ ಗೊರಸು, ಚುರುಕು ನಡೆ, ಕಡಿಮೆ ಮೇವಿನಲ್ಲೂ ದುಡಿಯುವ ತಾಳ್ಮೆ ಇವು ಈ ಎತ್ತುಗಳ ಗುಣ. ಚಿದಂಬರಂ ರಕ್ಷಣೆಗಾಗಿ ಹೈದರ್ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಸೋತಾಗಲೂ ಅವನು ತನ್ನ ತೋಪುಗಳನ್ನು ಶತ್ರುವಿನ ಕಣ್ಣೆದುರೇ ಎಳೆದುಕೊಂಡು ಹೋಗಬಲ್ಲವನಾಗಿದ್ದನಂತೆ.

ಮೈಸೂರಿನ ರಾಕೆಟ್ಟುಗಳನ್ನು ಕೂಡ ಈ ದೃಷ್ಟಿಯಿಂದ ನೋಡಬಹುದು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿಗೆ ಕಟ್ಟಿದ ಆ ಅಸ್ತ್ರಕ್ಕೆ ಬಂಡಿಯ ದಾರಿಯೇ ಬೇಡ. ಒಬ್ಬ ಸೈನಿಕ ಅದನ್ನು ಹೊತ್ತುಕೊಂಡು ಬಂಡೆಯ ಸಂದಿನಲ್ಲಿ ನುಸುಳಬಲ್ಲನು. ದಾರಿ ಕಷ್ಟವಾದಲ್ಲಿ ಭಾರ ಕಡಿಮೆ ಮಾಡಬೇಕು ಎಂಬುದು ಒಂದು ಉತ್ತರ. ಭಾರವನ್ನು ಬಿಡಲಾಗದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಉತ್ತರ ಮಾಗಡಿಯ ಕಾಡಿನಲ್ಲಿ ದೊರೆಯಿತು.

ಸಾವನದುರ್ಗಕ್ಕೆ ಕಡಿದ ದಾರಿ

ಕಾರ್ನ್‌ವಾಲಿಸ್ ಮಳೆಗಾಲವನ್ನು ಸಿದ್ಧತೆಯಲ್ಲಿ ಕಳೆದನು. ಧಾನ್ಯದ ಸರಬರಾಜಿಗೆ ಬಂಜಾರರ, ಎಂದರೆ ನಮ್ಮ ಲಂಬಾಣಿಗರ, ಹೇರೆತ್ತುಗಳ ತಂಡಗಳನ್ನು ನೆಚ್ಚಿಕೊಂಡನು. ಬೆನ್ನ ಮೇಲೆ ಮೂಟೆ ಹೊತ್ತ ಎತ್ತಿಗೆ ಕಾಲುದಾರಿ ಸಾಕು. ಆಮೇಲೆ, ಶ್ರೀರಂಗಪಟ್ಟಣಕ್ಕೆ ಹೊರಡುವ ಮುನ್ನ ಬೆನ್ನ ಹಿಂದಿನ ದಾರಿಯನ್ನು ಕಾಯುವ ದುರ್ಗಗಳನ್ನೆಲ್ಲ ವಶಪಡಿಸಿಕೊಳ್ಳಬೇಕೆಂದು ನಿರ್ಧರಿಸಿದನು. ಅವುಗಳಲ್ಲಿ ಅತ್ಯಂತ ಕಠಿಣವಾದುದು ಸಾವನದುರ್ಗ.

1791ರ ಡಿಸೆಂಬರ್ 10ರಂದು ಕರ್ನಲ್ ಸ್ಟುವರ್ಟನ ಪಡೆ ಬೆಟ್ಟದ ಬಳಿ ಬೀಡುಬಿಟ್ಟಿತು. ಬೀಡಿನಿಂದ ಬೆಟ್ಟದ ಬುಡದವರೆಗೆ ದಟ್ಟ ಬಿದಿರು ಮೆಳೆ, ನಡುವೆ ಬಂಡೆಯ ದಿಣ್ಣೆಗಳು. ಮೊದಲ ಕೆಲಸ ತೋಪು ಹಾರಿಸುವುದಾಗಿರಲಿಲ್ಲ, ತೋಪಿಗೆ ದಾರಿ ಮಾಡುವುದಾಗಿತ್ತು. ಬಿದಿರು ಕಡಿದರು, ಕಲ್ಲು ಸರಿಸಿದರು, ಹಳ್ಳ ತುಂಬಿದರು. ಎತ್ತುಗಳು ಎಳೆಯಲಾರದ ಕಡೆ ಆನೆಗಳು ಹಿಂದಿನಿಂದ ತಲೆ ಕೊಟ್ಟು ತೋಪುಗಳನ್ನು ಬಂಡೆಯ ಮೇಲೆ ದಾಟಿಸಿದವು. ಡಿಸೆಂಬರ್ 17ರಂದು ತೋಪುಗಳು ಗುಂಡು ಹಾರಿಸತೊಡಗಿದವು. 21ರಂದು ಲಗ್ಗೆ ಹತ್ತಿ, ಒಂದು ಗಂಟೆಯೊಳಗೆ ಕೋಟೆ ಕೈವಶವಾಯಿತು. ಒಂದು ವಾರದ ದಾರಿ ಕೆಲಸ, ಒಂದು ಗಂಟೆಯ ಲಗ್ಗೆ! ಇದಾದ ಕೆಲವೇ ದಿನಗಳಲ್ಲಿ ರಾಮಗಿರಿಯೂ ಶರಣಾಯಿತು. 1792ರ ಫೆಬ್ರವರಿಯಲ್ಲಿ ಕಂಪನಿಯ ಸೇನೆ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಅದರ ಹಿಂದಿನ ದಾರಿ ತೆರೆದಿತ್ತು. ಆ ಯುದ್ಧದ ಕೊನೆಯಲ್ಲಿ ಟಿಪ್ಪು ತನ್ನ ರಾಜ್ಯದ ಅರ್ಧ ಭಾಗವನ್ನು ಬಿಟ್ಟುಕೊಡಬೇಕಾಯಿತು.

ಮೇ ತಿಂಗಳ ಸೋಲಿನಲ್ಲೂ ಡಿಸೆಂಬರಿನ ಗೆಲುವಿನಲ್ಲೂ ಸೇನೆ ಅದೇ, ತೋಪುಗಳೂ ಅದೇ ಬಗೆಯವು. ಬದಲಾದದ್ದು ದಾರಿಯ ಬಗೆಗಿನ ತಿಳಿವಳಿಕೆ.

ಎತ್ತಿನ ಜಾಗಕ್ಕೆ ಎಂಜಿನು

ಇಪ್ಪತ್ತನೆಯ ಶತಮಾನದಲ್ಲಿ ಎತ್ತು, ಕುದುರೆಗಳ ಜಾಗಕ್ಕೆ ಮೋಟಾರು ಲಾರಿ ಬಂತು. ಮೊದಲಿನ ಲಾರಿಗಳು ಹಿಂದಿನ ಗಾಲಿಗಳಿಂದ ಮಾತ್ರ ಚಲಿಸುತ್ತಿದ್ದವು. ಒಳ್ಳೆಯ ರಸ್ತೆಯಲ್ಲಿ ಅಷ್ಟು ಸಾಕು. ಕೆಸರಿನಲ್ಲೋ ಬಂಡೆಯ ಮೇಲೋ ಹಿಂದಿನ ಗಾಲಿ ಹಿಡಿತ ಕಳೆದುಕೊಂಡರೆ ಎಂಜಿನಿನ ಬಲವೆಲ್ಲ ಗಾಲಿಯನ್ನು ನಿಂತಲ್ಲೇ ಸುತ್ತಿಸುವುದರಲ್ಲಿ ಮುಗಿಯುತ್ತದೆ. ಆದ್ದರಿಂದ ಎಲ್ಲ ಗಾಲಿಗಳಿಗೂ ಬಲ ಹಂಚುವ ಟ್ರಕ್ಕುಗಳು ಸೇನೆಗೆ ಬೇಕಾದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಇಂಥ ಎರಡೂವರೆ ಟನ್ ಸಾಮರ್ಥ್ಯದ, ಮೂರು ಅಚ್ಚುಗಳ ಜಿಎಂಸಿ ಟ್ರಕ್ಕುಗಳನ್ನು ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿತು.

ಅಷ್ಟು ಟ್ರಕ್ಕುಗಳಿದ್ದರೂ ಅಸ್ಸಾಮಿನ ಲೆಡೊದಿಂದ ಬರ್ಮಾದ ಮೂಲಕ ಚೀನಾಕ್ಕೆ ಸಾಮಗ್ರಿ ಸಾಗಿಸಲು ಮೊದಲು ಕಾಡು ಕಡಿದು ದಾರಿ ಮಾಡಬೇಕಾಯಿತು. 1942ರ ಕೊನೆಯಲ್ಲಿ ಆರಂಭವಾದ ಆ ಕೆಲಸದಲ್ಲಿ ಅಮೆರಿಕದ ಸೈನಿಕರು, ಭಾರತದ ಕೂಲಿಕಾರರು, ಚೀನೀಯರು ದುಡಿದರು. ಮಲೇರಿಯ, ಭೂಕುಸಿತ, ಅಪಘಾತಗಳಿಗೆ ಅನೇಕರು ಬಲಿಯಾದರು. 1945ರ ಜನವರಿ 12ರಂದು ಲೆಡೊದಿಂದ ಹೊರಟ ಮೊದಲ ವಾಹನಸಾಲು ಫೆಬ್ರವರಿ 4ರಂದು ಚೀನಾದ ಕುನ್ಮಿಂಗ್ ನಗರವನ್ನು ತಲುಪಿತು. ಸುಮಾರು 1,700 ಕಿಲೋಮೀಟರು ದೂರಕ್ಕೆ ಮೂರು ವಾರಗಳಿಗೂ ಹೆಚ್ಚು ಕಾಲ. ದಾರಿಯಲ್ಲಿ ಕೆಲವೆಡೆ ಶತ್ರುಗಳಿನ್ನೂ ಇದ್ದುದರಿಂದ ನಿಂತು ಕಾಯಬೇಕಾಗಿತ್ತು.

ಜೋಜಿಲಾದಲ್ಲಿ ಕನ್ನಡ ನಾಡಿನ ಕೈ

ಸ್ವತಂತ್ರ ಭಾರತದಲ್ಲಿ ಇಂಥ ಪರೀಕ್ಷೆ ಬಂದದ್ದು 1948ರಲ್ಲಿ. ಕಾಶ್ಮೀರ ಕಣಿವೆಯಿಂದ ಲಡಾಖಿಗೆ ಹೋಗುವ ಬಾಗಿಲು ಜೋಜಿಲಾ ಕಣಿವೆಮಾರ್ಗ. ಎತ್ತರ ಸುಮಾರು 3,500 ಮೀಟರು. ಅದು ಶತ್ರುಗಳ ಕೈಯಲ್ಲಿದ್ದುದರಿಂದ ಲೇಹ್ ಪಟ್ಟಣದ ರಕ್ಷಣೆ ಕಷ್ಟವಾಗಿತ್ತು. ಸೆಪ್ಟೆಂಬರಿನಲ್ಲಿ ಕಾಲ್ದಳ ನಡೆಸಿದ ದಾಳಿಗಳು ಫಲಿಸಲಿಲ್ಲ. ಆಗ ಅಲ್ಲಿನ ಸೇನಾ ವಿಭಾಗದ ಮುಖ್ಯಸ್ಥರಾಗಿದ್ದವರು ಕೊಡಗಿನ ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಬೇಕೆಂಬ ಯೋಜನೆಯನ್ನು ಅವರು ಕೈಗೆತ್ತಿಕೊಂಡರು.

ಏಳನೆಯ ಕ್ಯಾವಲ್ರಿ ದಳದ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ, ತೋಪಿನ ಗೋಪುರಗಳನ್ನು ಬಿಚ್ಚಿ, ಜಮ್ಮುವಿನ ಕಡೆಯಿಂದ ಶ್ರೀನಗರದ ಮೂಲಕ ಬಾಲ್ತಾಲ್‌ವರೆಗೆ ತಂದರು. ಹದಿಮೂರು, ಹದಿನಾಲ್ಕು ಟನ್ ಭಾರಕ್ಕೆ ದುರ್ಬಲವಾದ ಸೇತುವೆಗಳನ್ನು ಬಲಪಡಿಸಬೇಕಾಯಿತು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವಷ್ಟು ಕಿರಿದಾದ ಜಾಡು ಮಾತ್ರ. ಅದನ್ನು ಅಗಲಿಸಿ ಟ್ಯಾಂಕು ಏರುವ ದಾರಿಯನ್ನಾಗಿ ಮಾಡಿದವರು ಮದ್ರಾಸ್ ಸ್ಯಾಪರ್ಸ್ ಪಡೆಯ ಯೋಧರು. ಈ ಪಡೆಯ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಬಳಿ. ಚಳಿ, ಮೇಲಿನಿಂದ ಬೀಳುವ ಗುಂಡು, ಎರಡನ್ನೂ ತಾಳಿಕೊಂಡು ಅವರು ಬಂಡೆ ಸಿಡಿಸಿದರು. 1948ರ ನವೆಂಬರ್ 1ರಂದು ಹಿಮ ಬಿದ್ದ ಆ ಎತ್ತರದಲ್ಲಿ ಟ್ಯಾಂಕುಗಳು ಕಾಣಿಸಿಕೊಂಡಾಗ ಎದುರಾಳಿಗಳು ದಿಗಿಲುಗೊಂಡರು, ಜೋಜಿಲಾ ಕೈವಶವಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಮದ್ರಾಸ್ ಸ್ಯಾಪರ್ಸ್ ಪಡೆಯ ಮೂಲ 1780ರಲ್ಲಿ ಕಟ್ಟಿದ ಮದರಾಸಿನ ಪಯೋನಿಯರ್ ದಳ. ಮೂರನೆಯ ಮೈಸೂರು ಯುದ್ಧದಲ್ಲಿ ಕಂಪನಿಯ ಸೇನೆಯೊಂದಿಗೆ ಹಾರೆ, ಗುದ್ದಲಿ ಹಿಡಿದು ನಡೆದವರು ಈ ದಳದವರೇ. ಅಂದು ಪರರಾಜ್ಯದ ಸೇವೆಯಲ್ಲಿ ಮಾಡಿದ ಕೆಲಸವನ್ನು ಅವರ ಉತ್ತರಾಧಿಕಾರಿಗಳು ಸ್ವತಂತ್ರ ದೇಶಕ್ಕಾಗಿ ಮಾಡಿದರು.

ಟ್ರಕ್ಕಿನ ಒಡಲು, ಚಾಲಕನ ವಿದ್ಯೆ

ಸ್ವಾತಂತ್ರ್ಯಾನಂತರ ನಮ್ಮ ಸೇನೆಯ ಟ್ರಕ್ಕುಗಳು ನಮ್ಮಲ್ಲೇ ತಯಾರಾಗತೊಡಗಿದವು. ಜರ್ಮನಿಯ ಮಾನ್ ಸಂಸ್ಥೆಯ ತಂತ್ರಜ್ಞಾನದಿಂದ ಜಬಲ್‌ಪುರದಲ್ಲಿ 1959ರಿಂದ ತಯಾರಾದ ‘ಶಕ್ತಿಮಾನ್’ ಹಲವು ದಶಕ ಸೇನೆಯ ಹೊರೆ ಹೊತ್ತಿತು. 1962ರ ಚೀನಾ ಯುದ್ಧದಲ್ಲಿ ಟ್ರಕ್ಕಿಗಿಂತ ದಾರಿಯ ಕೊರತೆ ಹೆಚ್ಚು ಕಾಡಿತು. 1960ರಲ್ಲಷ್ಟೇ ಆರಂಭವಾಗಿದ್ದ ಗಡಿ ರಸ್ತೆಗಳ ಸಂಸ್ಥೆಯ ಕೆಲಸದ ಮಹತ್ವ ಆಗ ಎಲ್ಲರಿಗೂ ಅರಿವಾಯಿತು.

ಇನ್ನೂ ಭಾರೀ ಟ್ರಕ್ಕುಗಳ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಬಿಇಎಂಎಲ್ ಸಂಸ್ಥೆ 1986ರಲ್ಲಿ ಅಂದಿನ ಚೆಕೊಸ್ಲೊವಾಕಿಯದೊಡನೆ ಒಪ್ಪಂದ ಮಾಡಿಕೊಂಡು ಟಾಟ್ರಾ ಟ್ರಕ್ಕುಗಳ ತಯಾರಿಕೆಗೆ ಕೈಹಾಕಿತು. ಸಾಮಾನ್ಯ ಲಾರಿಗೆ ಏಣಿಯಂಥ ಉಕ್ಕಿನ ಚೌಕಟ್ಟು ಇರುತ್ತದೆ. ಟಾಟ್ರಾಕ್ಕೆ ಅದರ ಬದಲು ನಡುವೆ ಬೆನ್ನೆಲುಬಿನಂಥ ಒಂದು ದಪ್ಪ ಕೊಳವೆ. ಅದರ ಎರಡು ಬದಿಗೆ ಅರ್ಧ ಅಚ್ಚುಗಳು ಹಕ್ಕಿಯ ರೆಕ್ಕೆಗಳಂತೆ ಮೇಲೆ ಕೆಳಗೆ ಆಡುತ್ತವೆ. ಹಾನ್ಸ್ ಲೆಡ್ವಿಂಕ ಎಂಬ ಎಂಜಿನಿಯರು 1923ರಲ್ಲಿ ಒಂದು ಸಣ್ಣ ಕಾರಿಗಾಗಿ ರೂಪಿಸಿದ ವಿನ್ಯಾಸ ಇದು. ಒಂದು ಗಾಲಿ ಬಂಡೆ ಹತ್ತಿದಾಗ ಎದುರಿನ ಗಾಲಿ ತನ್ನಷ್ಟಕ್ಕೆ ನೆಲ ಹಿಡಿದಿರುತ್ತದೆ, ಬೆನ್ನೆಲುಬು ಸುಲಭವಾಗಿ ತಿರುಚಿಕೊಳ್ಳುವುದಿಲ್ಲ. ಎಂಜಿನು ಗಾಳಿಯಿಂದಲೇ ತಣಿಯುವುದರಿಂದ ಹಿಮದ ನಾಡಿನಲ್ಲಿ ಹೆಪ್ಪುಗಟ್ಟಲು ರೇಡಿಯೇಟರಿನ ನೀರೇ ಇಲ್ಲ. ಪಿನಾಕ ರಾಕೆಟ್ಟುಗಳನ್ನು ಹೊತ್ತು ಓಡಾಡಿದ್ದು ಈ ಎಂಟು ಗಾಲಿಗಳ ಟಾಟ್ರಾ. ಟಿಪ್ಪುವಿನ ಕಾಲದಲ್ಲಿ ಹೆಗಲ ಮೇಲಿದ್ದ ರಾಕೆಟ್ಟು ಈಗ ಟ್ರಕ್ಕಿನ ಮೇಲಿದೆ! ಅಂದ ಹಾಗೆ, ಈ ಟ್ರಕ್ಕುಗಳು ಬಹುಕಾಲ ಎಡಬದಿಯ ಸ್ಟಿಯರಿಂಗಿನೊಂದಿಗೇ ಬಂದವು. ಎಡಕ್ಕೆ ಚಲಿಸುವ ನಮ್ಮ ರಸ್ತೆಗಳಲ್ಲಿ ಇದು ಅನಾನುಕೂಲವೆಂಬ ಟೀಕೆಯೂ ಬಂತು.

ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಜಾಡಿನಲ್ಲಿ ಅದನ್ನು ನಡೆಸುವುದು ಕಲಿತು ಬರುವ ವಿದ್ಯೆ. ಭಾರತೀಯ ಸೇನೆಯ ಸರಬರಾಜು ದಳವಾದ ಆರ್ಮಿ ಸರ್ವಿಸ್ ಕೋರ್‌ನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿಯೇ. ಒರಟು ಜಾಡಿನ ಚಾಲನೆಯ ಮುಖ್ಯ ಸೂತ್ರಗಳು ಹೀಗಿವೆ. ಅಪರಿಚಿತ ಜಾಡನ್ನು ಮೊದಲು ಇಳಿದು ನಡೆದು ನೋಡಬೇಕು. ಕಷ್ಟದ ಜಾಗ ಬರುವ ಮುಂಚೆಯೇ ತಗ್ಗಿನ ಗೇರಿಗೆ ಬರಬೇಕು, ಏರಿನ ನಡುವೆ ಗೇರು ಬದಲಿಸಹೋದರೆ ಬಂಡಿ ಹಿಂದಕ್ಕೆ ಜಾರುತ್ತದೆ. ಇಳಿಜಾರಿನಲ್ಲಿ ಬ್ರೇಕೊಂದನ್ನೇ ನಂಬದೆ ಎಂಜಿನಿನ ಹಿಡಿತದಲ್ಲಿ ಇಳಿಯಬೇಕು, ಬ್ರೇಕು ಕಾಯ್ದರೆ ಹಿಡಿಯುವುದಿಲ್ಲ. ದೊಡ್ಡ ಕಲ್ಲನ್ನು ಎರಡು ಗಾಲಿಗಳ ನಡುವೆ ಬಿಟ್ಟುಕೊಂಡರೆ ಅದು ಅಚ್ಚಿಗೆ ಬಡಿಯಬಹುದು, ಆದ್ದರಿಂದ ಗಾಲಿಯನ್ನು ಮೆಲ್ಲಗೆ ಕಲ್ಲಿನ ಮೇಲೆಯೇ ಹತ್ತಿಸುವುದು ಲೇಸು. ಉದ್ದದ ಬಂಡಿಯ ಹಿಂದಿನ ಗಾಲಿಗಳು ತಿರುವಿನಲ್ಲಿ ಮುಂದಿನ ಗಾಲಿಗಳ ಜಾಡಿಗಿಂತ ಒಳಕ್ಕೆ ಸರಿಯುತ್ತವೆ ಎಂಬುದನ್ನು ಸದಾ ನೆನಪಿನಲ್ಲಿಡಬೇಕು. ಮರಳಿನಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಮುಂದೆ ನಿಂತು ಕೈಸನ್ನೆ ಮಾಡುವವನ ಪಾತ್ರ. ಎತ್ತರದ ಕ್ಯಾಬಿನ್ನಿನಲ್ಲಿ ಕುಳಿತ ಚಾಲಕನಿಗೆ ತನ್ನ ಗಾಲಿಗಳೇ ಕಾಣುವುದಿಲ್ಲ. ಕೆಳಗಿರುವವನು ಕಣ್ಣಾಗುತ್ತಾನೆ. ಸನ್ನೆ ಮಾಡುವವನು ಒಬ್ಬನೇ ಇರಬೇಕು, ಅವನು ಕಣ್ಣಿಗೆ ಬೀಳದಿದ್ದರೆ ಚಾಲಕ ಬಂಡಿಯನ್ನು ನಿಲ್ಲಿಸಬೇಕು. ನಮ್ಮ ಹಳ್ಳಿಗಳಲ್ಲಿ ಲಾರಿಯ ಕ್ಲೀನರು ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎಂದು ಕೂಗುವುದೂ ಈ ಕೆಲಸವೇ. ಬೆಟ್ಟದ ರಸ್ತೆಯಲ್ಲಿ ಎರಡು ವಾಹನಗಳು ಎದುರಾದರೆ ಏರುವ ವಾಹನಕ್ಕೆ ಮೊದಲ ದಾರಿ ಎಂಬ ನಿಯಮ ನಮ್ಮ ಮೋಟಾರು ವಾಹನ ನಿಯಮಗಳಲ್ಲೂ ಇದೆ. ಭಾರ ಹೊತ್ತು ಏರುವವನು ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ ಎಂಬ ಅನುಭವ ಅದರ ಹಿಂದಿದೆ.

ದಾರಿಯವರ ಇತಿಹಾಸ

ಈಗ ಮತ್ತೆ ನಾಲ್ಕನೆಯ ಪ್ರಶ್ನೆಯನ್ನು ನೋಡೋಣ. ಕನಕಪುರದ ದಾರಿಯಲ್ಲಿ ಸೇನೆಯನ್ನು ಸೋಲಿಸಿದ್ದು ಮೇವಿನ ಕೊರತೆ. ಸಾವನದುರ್ಗವನ್ನು ಗೆಲ್ಲಿಸಿದ್ದು ಬಿದಿರು ಕಡಿದವರ ಕೈ. ಲೆಡೊ, ಜೋಜಿಲಾಗಳಲ್ಲಿಯೂ ಭಾರದ ಬಂಡಿಗಿಂತ ಮುಂದೆ ನಡೆದವರು ಗುದ್ದಲಿಯವರು. ಸೇನಾಪತಿಗಳ ಹೆಸರುಗಳು ಪುಸ್ತಕಗಳಲ್ಲಿ ಉಳಿದಿವೆ. ಎತ್ತು ಹೊಡೆದವರು, ಧಾನ್ಯ ಹೇರಿಕೊಂಡು ಬಂದ ಲಂಬಾಣಿಗರು, ಬಂಡೆ ಸಿಡಿಸಿದವರು, ಬಣವೆ ಕಳೆದುಕೊಂಡ ರೈತರು, ಇವರ ಹೆಸರುಗಳು ಬಹುಮಟ್ಟಿಗೆ ಉಳಿದಿಲ್ಲ. ಅವರು ಮಾಡಿದ ಕೆಲಸವನ್ನಾದರೂ ಗುರುತಿಸುವುದು ಇತಿಹಾಸ ಓದುವವರ ಕರ್ತವ್ಯ.

ಜೋಜಿಲಾದ ಕೆಳಗೆ ಸುರಂಗ ಕೊರೆಯುವ ಕೆಲಸ 2020ರಲ್ಲಿ ಆರಂಭವಾಯಿತು. ಚಳಿಗಾಲದ ಹಿಮದಲ್ಲೂ ಲಡಾಖಿಗೆ ಅಕ್ಕಿ, ಔಷಧಿ, ಇಂಧನ ತಲುಪಬೇಕೆಂಬುದು ಅದರ ಉದ್ದೇಶ. ಸೈನಿಕರಿಗಾಗಿ ಮಾಡಿದ ದಾರಿಯಲ್ಲಿ ಕಾಲಕ್ರಮದಲ್ಲಿ ಶಾಲೆಯ ಮಕ್ಕಳು, ರೋಗಿಗಳು, ವ್ಯಾಪಾರಿಗಳೂ ಓಡಾಡುತ್ತಾರೆ.

ನಿಮ್ಮ ಊರಿನ ಸುತ್ತಲೂ ಹಳೆಯ ಬಂಡಿಜಾಡುಗಳಿರಬಹುದು. ಹಾಸುಬಂಡೆಯ ಮೇಲೆ ಗಾಲಿಗಳು ಸವೆದು ಮಾಡಿದ ಎರಡು ಗೀರುಗಳು ಕಂಡರೆ ಅವುಗಳ ನಡುವಿನ ಅಂತರವನ್ನು ಅಳೆಯಿರಿ, ಜಾಡು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ, ಹಳೆಯ ಭೂಪಟದೊಂದಿಗೆ ಹೋಲಿಸಿ. ಮುಂದಿನ ಬಾರಿ ಯಾವುದಾದರೂ ಯುದ್ಧದ ಪಾಠ ಓದುವಾಗ, ಗೆದ್ದವರು ಯಾರು ಎಂದು ತಿಳಿದ ಮೇಲೆ, ಅವರಿಗೆ ದಾರಿ ಮಾಡಿದವರು ಯಾರು, ಅವರ ಎತ್ತಿಗೆ ಮೇವು ಎಲ್ಲಿಂದ ಬಂತು ಎಂದೂ ನಿಮ್ಮ ಅಧ್ಯಾಪಕರನ್ನು ಕೇಳಿ.